ನಾಗಿಗೆ ನನ್ನದೊಂದು ಪ್ರಶಸ್ತಿ

ಸಿನಿಮಾ ನೋಡಿದ ಮೇಲೆ ಅದರ ಬಗ್ಗೆ ನಾಲ್ಕು ಸಾಲು ಬರೆದಿಡುವುದು ನನಗೆ ಅಂಟಿಕೊಂಡ ಚಾಳಿ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳೇ ಅದಕ್ಕೆ ಮೀಸಲು. ಚಿತ್ರದ ಹೆಸರು, ಕಣ್ಣೊರೆಸಿಕೊಂಡದ್ದು ಎಲ್ಲಿ, ಆಕಳಿಸಿದ್ದು ಎಲ್ಲಿ, ಪ್ರಶಸ್ತಿ ಯಾರಿಗೆ ಬಂತು, ಯಾರಿಗೆ ಬರಬೇಕಿತ್ತು - ಇಷ್ಟೇ. ಜಡೆಯಲ್ಲಿ ಕೂತವಳನ್ನು ದಿಲ್ಲಿಯ ತೀರ್ಪುಗಾರರ ಸಾಲಿಗೆ ಯಾರೂ ಕರೆಯುವುದಿಲ್ಲ, ಬಿಡಿ. ಆದರೆ ಸಾರಿಗೆ ಉಪ್ಪು ಸಾಲದು ಅನ್ನಲು ಅಡಿಗೆ ಭಟ್ಟರೇ ಆಗಬೇಕೇನು?

ಈ ಸಲ ಹೇಳಬೇಕಾದ್ದು 'ದ್ವೀಪ'ದ ವಿಷಯ. ಮೊನ್ನೆ ಮಳೆ ಹಿಡಿದು ಕೂತ ಮಧ್ಯಾಹ್ನ ಮತ್ತೆ ನೋಡಿದೆ. ಇದು ಮೂರನೆಯ ಸಲ. ಗಿರೀಶ ಕಾಸರವಳ್ಳಿಯವರ ಈ ಚಿತ್ರ 2001ನೇ ಸಾಲಿನಲ್ಲಿ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಕಥೆ ನಮ್ಮ ಜಿಲ್ಲೆಯವರದೇ. ಸಾಗರದ ನಾ. ಡಿಸೋಜ ಶರಾವತಿ ಯೋಜನೆಯಲ್ಲೇ ನೌಕರಿಯಲ್ಲಿದ್ದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಊರೂರೇ ಮುಳುಗಿದ್ದನ್ನು ಹತ್ತಿರದಿಂದ ಕಂಡು ಬರೆದರು. 2025ರ ಜನವರಿಯಲ್ಲಿ ಅವರು ತೀರಿಕೊಂಡರು.

ಕಥೆ ಇಷ್ಟು. ಗುಡ್ಡದ ಮೇಲಿನ ದೇವರ ಪೂಜೆ ಮಾಡಿಕೊಂಡಿರುವ ದುಗ್ಗಜ್ಜ, ಅವನ ಮಗ ಗಣಪ, ಸೊಸೆ ನಾಗಿ. ಸುತ್ತಲೂ ನೀರು ಏರುತ್ತದೆ. ಊರವರೆಲ್ಲ ಪರಿಹಾರ ಹಿಡಿದು ಹೊರಟರೂ ಇವರಿಗೆ ಕಾಲು ಕೀಳಲಾಗದು. ಸಹಾಯಕ್ಕೆಂದು ಮುಂಬಯಿಯಿಂದ ಕೃಷ್ಣ ಬರುತ್ತಾನೆ. ನಗುತ್ತಾ ನಗಿಸುತ್ತಾ ಓಡಾಡುವ ಹುಡುಗ. ಅವನ ಮಾತಿಗೆ ನಾಗಿ ನಕ್ಕರೆ ಗಂಡನ ಮುಖ ಕಪ್ಪಿಡುತ್ತದೆ. ಹೊರಗೆ ನೀರಿನ ಭಯ, ಒಳಗೆ ಗಂಡನ ಅನುಮಾನ. ಇವೆರಡರ ನಡುವೆ ಅವಳು ಒಲೆ ಆರದಂತೆ ನೋಡಿಕೊಳ್ಳಬೇಕು. ಇದು ಯಾವ ಮನೆಯ ಕಥೆ ಅಲ್ಲ, ಹೇಳಿ!

ನಾಗಿಯಾದವರು ಸೌಂದರ್ಯ. ತೆಲುಗು ಚಿತ್ರಗಳಲ್ಲಿ ಜರಿ ಸೀರೆ ಉಟ್ಟು ಮೆರೆದ ತಾರೆ ಇಲ್ಲಿ ಗುಡ್ಡ ಹತ್ತುತ್ತಾರೆ, ಮಳೆಯಲ್ಲಿ ತೋಯುತ್ತಾರೆ. ನಮ್ಮ ಕೇರಿಯ ಒಬ್ಬ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ಆಕೆಯ ತವರು ಶರಾವತಿ ನೀರಿನಡಿ ಇದೆ. ತವರಿಗೆ ಹೋಗಲ್ವಾ ಅಂತ ಯಾರಾದರೂ ಕೇಳಿದರೆ "ಈಜಲಿಕ್ಕೆ ಬರಲ್ವಲ್ಲೇ" ಅನ್ನುವ ಗಟ್ಟಿಗಿತ್ತಿ. ಚಿತ್ರ ಮುಗಿಯುವವರೆಗೂ ಮಾತಿಲ್ಲ. ಆಮೇಲೆ ಅಂದದ್ದು ಒಂದೇ: "ಆ ಹುಡುಗಿ ಒಲೆ ಮುಂದೆ ಕೂರೋದು ಸರಿಯಾಗಿ ಕೂತಿದಾಳೆ." ಇದಕ್ಕಿಂತ ದೊಡ್ಡ ಪ್ರಶಸ್ತಿ ನಟಿಗೆ ಬೇರೆ ಬೇಕೇ ಅನ್ನಿಸಿತು. ಬೇಕು ಅಂತಲೂ ಅನ್ನಿಸಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊನೆಯಲ್ಲಿ ಮಳೆ ಇಳಿಯುತ್ತದೆ, ನೀರು ನಿಲ್ಲುತ್ತದೆ. ತಾವು ಪಟ್ಟ ಪಾಡಿಗೆ ಫಲ ಸಿಕ್ಕಿತೆಂದು ನಾಗಿ ಹಿಗ್ಗುತ್ತಾಳೆ. ಗಂಡನೋ, ಎಲ್ಲಾ ದೇವರ ದಯೆ ಅನ್ನುತ್ತಾನೆ! ಆಗ ಅವಳ ಮುಖ ನೋಡಬೇಕು. ದೇವರ ದಯೆ ಇಲ್ಲವೆಂದು ಯಾರೆಂದರು? ದೀಪ ಹಚ್ಚುವವರು ನಾವೇ. ಆದರೆ ದೇವರ ಜೊತೆಗೆ ಅವಳ ಹೆಸರನ್ನೂ ಒಂದು ಸಲ ಹೇಳಿದ್ದರೆ ಗಣಪನ ಗಂಟೇನು ಹೋಗುತ್ತಿತ್ತು?

ಪ್ರಶಸ್ತಿಯಲ್ಲೂ ಹಾಗೇ ಆಯಿತು ನೋಡಿ. ಚಿತ್ರಕ್ಕೆ ಸ್ವರ್ಣಕಮಲ, ಕ್ಯಾಮೆರಾ ಹಿಡಿದ ಎಚ್.ಎಂ. ರಾಮಚಂದ್ರ ಅವರಿಗೆ ರಾಷ್ಟ್ರಪ್ರಶಸ್ತಿ. ಮಳೆಯನ್ನೂ ಒಂದು ಪಾತ್ರದಂತೆ ತೋರಿಸಿದ್ದಾರೆ, ಅವರಿಗೆ ಸಲ್ಲಬೇಕಾದ್ದೇ. ಚಿತ್ರದ ನಿರ್ಮಾಪಕಿಯೂ ಸೌಂದರ್ಯ ಅವರೇ ಆದ್ದರಿಂದ ಹಣ ಹಾಕಿದ್ದಕ್ಕೆ ಪದಕ ಬಂತು. ನಟಿಸಿದ್ದಕ್ಕೆ ಬರಲಿಲ್ಲ! ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಆ ಸಾಲಿನಲ್ಲಿ ತಬು ಮತ್ತು ಶೋಭನಾ ಹಂಚಿಕೊಂಡರು. 'ಚಾಂದನಿ ಬಾರ್'ನ ತಬು ಸುಮ್ಮನೆ ಗೆದ್ದವರಲ್ಲ, ಒಪ್ಪುತ್ತೇನೆ. ಆದರೆ ಪಂಕ್ತಿಯಲ್ಲಿ ಇಬ್ಬರಿಗೆ ಮಣೆ ಹಾಕಿದ ಮೇಲೆ ಮೂರನೆಯದಕ್ಕೆ ಜಾಗ ಸಾಲದೇ ಹೋಯಿತೆ? ನಮ್ಮ ರಾಜ್ಯ ಸರ್ಕಾರ ಮಾತ್ರ ಸೌಂದರ್ಯ ಅವರನ್ನು ಅತ್ಯುತ್ತಮ ನಟಿ ಎಂದು ಗೌರವಿಸಿತು. ಮಾಡಿದ್ದು ಒಳ್ಳೇದಾಯಿತು. 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಬಿದ್ದು ಆಕೆ ಹೋಗಿಬಿಟ್ಟರು. ಮುಂದಿನ ವರ್ಷ ಕೊಟ್ಟರಾಯಿತು ಅನ್ನುವ ಮಾತು ಎಲ್ಲರಿಗೂ ನಡೆಯುವುದಿಲ್ಲ.

ಲೆಕ್ಕದ ಪುಸ್ತಕ ತಿರುವಿ ಹಾಕಿದೆ. ಕನ್ನಡಕ್ಕೆ ಸ್ವರ್ಣಕಮಲ ಬಂದದ್ದು ಆರು ಸಲ: 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ'. ಇವುಗಳಲ್ಲಿ ನಟನೆಗೆ ರಾಷ್ಟ್ರದ ಮೊದಲ ಮಣೆ ಸಿಕ್ಕಿದ್ದು ಚೋಮನಾದ ವಾಸುದೇವರಾಯರಿಗೆ, ತಬರನಾದ ಚಾರುಹಾಸನ್‌ರಿಗೆ. ಇಬ್ಬರೂ ಗಂಡಸರು. (ಆ ವಾಸುದೇವರಾಯರೇ ನಮ್ಮ ದುಗ್ಗಜ್ಜ!) ತಾಯಿ ಸಾಹೇಬಳಾಗಿದ್ದಲ್ಲದೆ ಆ ಚಿತ್ರಕ್ಕೆ ಹಣವನ್ನೂ ಹಾಕಿದ ಜಯಮಾಲಾ ಅವರಿಗೆ ತೀರ್ಪುಗಾರರ ವಿಶೇಷ ಗೌರವವೇನೋ ಬಂತು, ಮೊದಲ ಮಣೆ ಬರಲಿಲ್ಲ.

ಹಾಗಂತ ನಮ್ಮ ನಟಿಯರು ಬರಿಗೈಯಲ್ಲಿ ಬಂದವರಲ್ಲ. 1973ರ 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ ಗೆದ್ದರು. ಆಮೇಲೆ 31 ವರ್ಷ ಕಾಯಬೇಕಾಯಿತು, 2004ರ 'ಹಸೀನಾ'ದ ತಾರಾ ಅವರಿಗಾಗಿ. ಅದು ಬಾನು ಮುಷ್ತಾಕ್ ಅವರ ಕಥೆ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ತಂದರಲ್ಲ, ಅವರೇ. ಹಿಂದೆಯೇ 'ಗುಲಾಬಿ ಟಾಕೀಸ್'ನ ಉಮಾಶ್ರೀ. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು, ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಬರುವುದು ಟಿವಿ. ಕೆಲಸ ಮುಗಿಸಿದ ಹೆಂಗಸರು ಅವಳ ಮನೆಯಲ್ಲಿ ಸೇರುವುದನ್ನು ನೋಡುವಾಗ ನನಗೆ ನಮ್ಮ ಕೇರಿಯೇ ಕಂಡಿತು. ಆಗೆಲ್ಲ ಯಾರ ಮನೆಯ ಅಟ್ಟಣೆಯ ಮೇಲೆ ಆಂಟೆನಾ ಇತ್ತೋ ಅಲ್ಲಿಗೇ ನಮ್ಮ ಸವಾರಿ, ಕೈಯಲ್ಲಿ ಬಿಡಿಸಬೇಕಾದ ಅವರೆಕಾಯಿ! ಉಮಾಶ್ರೀ ಅವರಿಗೆ ಬಂದ ಪ್ರಶಸ್ತಿಗೆ ನನ್ನ ತಕರಾರೇ ಇಲ್ಲ.

ಆದರೂ ನನ್ನ ಪುಸ್ತಕದಲ್ಲಿ 2001ರ ಸಾಲಿನ ಎದುರು ಸೌಂದರ್ಯ ಅಂತ ಬರೆದು ಅಡಿಗೆರೆ ಎಳೆದಿದ್ದೇನೆ. 'ದ್ವೀಪ' ನೋಡುವವರು ಒಂದು ಕೆಲಸ ಮಾಡಿ: ಮನೆಯ ಗಂಡಸರನ್ನೂ ಕೂರಿಸಿಕೊಂಡು ನೋಡಿ, ಕೊನೆಯ ಹತ್ತು ನಿಮಿಷ ಕಾಫಿಗೆ ಅಂತ ಅವರನ್ನು ಏಳಗೊಡಬೇಡಿ. ಗಣಪ ಅಂದದ್ದು ಸರಿಯೇ ಅಂತ ಕೇಳಿ. ನಮ್ಮ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಗಾಳಿ ಮಳೆಯಲ್ಲಿ ಕ್ಯಾಮೆರಾ ಹೆಂಗೆ ಹಿಡಿದರೋ!" ಅಂದರು.

ಮುಂದಿನ ಸಂಚಿಕೆಗೆ 'ತಾಯಿ ಸಾಹೇಬ' ನೋಡುವುದಿದೆ.