ಮೂರು ಕೆಂಪು ಪಟ್ಟಿ

ಈ ಸಲ ಟೀಮ್ ಔಟಿಂಗ್ ಅಂದಾಗ ರೆಸಾರ್ಟು, ಬಫೆ, ಅಂತ್ಯಾಕ್ಷರಿ ಅಂದುಕೊಂಡಿದ್ದೆ. ಎಚ್‌ಆರ್‌ನವರು ‘ಜೊಂಬಿ ಸರ್ವೈವಲ್ ಡೇ’ ಬುಕ್ ಮಾಡಿದ್ದರು! ಬೆಂಗಳೂರಿನ ಹೊರಗೆ ಒಂದು ಹಳೇ ಗೋದಾಮು, ಸುತ್ತಲೂ ನೀಲಗಿರಿ ತೋಪು. ಬಿದ್ದು ಕೈಕಾಲು ಮುರಿದುಕೊಂಡರೆ ನಾವೇ ಜವಾಬ್ದಾರರು ಅಂತ ಮೊದಲೇ ಸಹಿ ಹಾಕಿಸಿಕೊಂಡರು.

ಆಟ ಸರಳ. ಸೊಂಟದ ಬೆಲ್ಟಿಗೆ ಮೂರು ಕೆಂಪು ಪಟ್ಟಿ ಅಂಟಿಸುತ್ತಾರೆ. ಜೊಂಬಿ ಒಂದನ್ನು ಕಿತ್ತರೆ ಒಂದು ಜೀವ ಹೋಯ್ತು. ಮೂರೂ ಹೋದರೆ ನೀವೂ ಜೊಂಬಿ, ಮುಖಕ್ಕೆ ಬಣ್ಣ ಬಳಿದುಕೊಂಡು ನಿಮ್ಮ ಟೀಮಿನವರನ್ನೇ ಬೆನ್ನಟ್ಟಬೇಕು. 40 ನಿಮಿಷದೊಳಗೆ ಔಷಧದ ಡಬ್ಬಿ ಹುಡುಕಿ ಹಿಂದಿನ ಗೇಟು ಮುಟ್ಟಿದರೆ ಬದುಕಿದಿರಿ.

ನಗಬೇಡಿ, ನಿಜಕ್ಕೂ ಭಯ ಆಗುತ್ತೆ. ಜೊಂಬಿ ಆದವರು ನಾಟಕದ ಹುಡುಗರು ಅಂತ ಗೊತ್ತು, ಮುಖದ ರಕ್ತ ಬೆಲ್ಲದ ಪಾಕದ ಹಾಗೆ ವಾಸನೆ ಹೊಡೀತಿತ್ತು (ನನಗೆ ನಮ್ಮ ಕಡೆ ಗಾಣದ ಮನೆ ನೆನಪಾಯ್ತು). ಆದರೂ ಕತ್ತಲಲ್ಲಿ ಒಬ್ಬ ಕಾಲೆಳೆದುಕೊಂಡು ಬಂದಾಗ ಬಿ.ಇ. ಡಿಗ್ರಿ ಏನೂ ಕೆಲಸಕ್ಕೆ ಬರಲ್ಲ.

ಈ ಹುಚ್ಚು ಹೊಸದಲ್ಲ. ಹೈಟಿಯ ಗುಲಾಮರ ನಂಬಿಕೆಯಲ್ಲಿದ್ದ ಜೊಂಬಿಯನ್ನು ಇವತ್ತಿನ ರೂಪಕ್ಕೆ ತಂದದ್ದು 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಸಿನಿಮಾ. 2010ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜನ ಊರ ಬೀದಿಯಲ್ಲೇ ಈ ಥರ ಓಡಿದರು. 2011ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ, ಜೊಂಬಿ ಬಂದರೆ ಏನೇನು ಕಟ್ಟಿಕೊಂಡು ಹೊರಡಬೇಕು ಅಂತ ಪಟ್ಟಿಯನ್ನೇ ಕೊಟ್ಟಿತ್ತು: ನೀರು, ಊಟ, ಔಷಧ, ಕಾಗದಪತ್ರ. ಅದು ತಮಾಷೆಯ ನೆಪ, ಅವರು ಹೇಳಹೊರಟಿದ್ದು ಬಿರುಗಾಳಿ, ಪ್ರವಾಹದ ತಯಾರಿ.

ಕೊನೆಯ ಐದು ನಿಮಿಷಕ್ಕೆ ಬರ್ತೀನಿ. ನನ್ನ ಜೊತೆ ಉಳಿದವರು ನಮ್ಮ ಟೆಸ್ಟಿಂಗ್ ಲೀಡ್ ಮೇಡಂ ಒಬ್ಬರೇ. ನಲವತ್ತೈದು ದಾಟಿದವರು, ಮಂಡಿ ನೋವು. ಗೇಟು ಕಾಣಿಸುತ್ತಿತ್ತು. ಹಿಂದಿನಿಂದ ಇಬ್ಬರು ಬಂದರು. “ಒಂದ್ನಿಮಿಷ ಇರಪ್ಪಾ” ಅಂದರು ಮೇಡಂ. ನಾನು ಕೇಳಿಸದವನ ಹಾಗೆ ಓಡಿಬಿಟ್ಟೆ. ಗೇಟು ಮುಟ್ಟಿ ತಿರುಗಿದರೆ ಅವರ ಪಟ್ಟಿ ಕಿತ್ತಿದ್ದರು. ಅವರೇನೋ ನಕ್ಕರು. ನನಗೆ ‘ಸರ್ವೈವರ್’ ಅಂತ ಬರೆದ ಟೀ ಶರ್ಟ್ ಕೊಟ್ಟರು.

ನಮ್ಮೂರು ಹುಕ್ಕೇರಿ ತಾಲ್ಲೂಕಿನ ದಡ್ಡಿ, ಘಟಪ್ರಭಾ ದಂಡೆ. ಅದೇ ಹೊಳೆಯ ಕೆಳಗೆ, ಮೂಡಲಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಅತ್ತಿ ಮನೆ. 2019ರ ಆಗಸ್ಟ್‌ನಲ್ಲಿ ಘಟ್ಟದ ಮಳೆಗೆ ಹಿಡಕಲ್ ಡ್ಯಾಮ್ ತುಂಬಿ ನೀರು ಬಿಟ್ಟರು. ಗೋಕಾಕ ಹತ್ತಿರದ ಲೋಳಸೂರ ಸೇತುವೆ ಮುಳುಗಿತು. ಅತ್ತಿ ಊರಿಗೂ ನೀರು ಬಂತು. ನಾನು ಬೆಂಗಳೂರಲ್ಲಿ ಕೂತು ಫೋನ್ ಮೇಲೆ ಫೋನ್.

“ಅತ್ತಿ, ಎಲ್ಲಾ ಬಿಟ್ಟು ಮೊದಲ ಹೊರಗ ಬರ್ರಿ.”

“ರೇಷನ್ ಕಾರ್ಡ, ಉತಾರ ಎಲ್ಲಾ ಚೀಲದಾಗ ಹಾಕೀನೋ ತಮ್ಮಾ. ಎಮ್ಮಿ ಬಿಟ್ಟ ಹೆಂಗ ಬರ್ಲಿ? ಅವಕ್ಕ ಬಾಯಿ ಇಲ್ಲ.”

ನಾನು ಸಿಟ್ಟಿಗೆದ್ದು, “ಎಮ್ಮಿ ಇನ್ನೊಂದ ತಗೋಬಹುದು” ಅಂದೆ. ಅತ್ತಿ ಫೋನ್ ಇಟ್ಟುಬಿಟ್ಟರು. ಎರಡು ಎಮ್ಮೆ, ಒಂದು ಕರು, ಮಗ್ಗುಲು ಮನೆಯ ಕಣ್ಣು ಕಾಣದ ಮುದುಕಿ, ಎಲ್ಲರನ್ನೂ ಕರೆದುಕೊಂಡು ಎದೆಮಟ್ಟದ ನೀರಲ್ಲಿ ರಸ್ತೆಗೆ ಬಂದಿದ್ದರು. ಗಂಜಿ ಕೇಂದ್ರದಲ್ಲಿ ಎಮ್ಮೆಗೆ ಜಾಗ ಇಲ್ಲ ಅಂದಾಗ ಎರಡು ರಾತ್ರಿ ಹೊರಗೇ ಕೂತರಂತೆ. ಎಮ್ಮಿ ಮಾತು ಅವರು ಇವತ್ತಿಗೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಔಟಿಂಗ್ ದಿನ ಸಂಜೆ ಬಸ್ಸಿನಲ್ಲಿ, ಟೀ ಶರ್ಟ್ ಹಾಕಿಕೊಂಡು ಗೇಟಿನ ಮುಂದೆ ತೆಗೆಸಿದ ಫೋಟೊ ಅತ್ತಿಗೆ ವಾಟ್ಸ್ಆ್ಯಪ್ ಮಾಡಿದೆ. ಆಟ ಏನು ಅಂತ ವಾಯ್ಸ್ ನೋಟಿನಲ್ಲಿ ವಿವರಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು.

“ಛಲೋ ಆತು ಬಿಡಪಾ. ನಿನ್ನ ಜೋಡಿ ಇದ್ದಾವ್ರು ಎಲ್ಲಿ?”

ಮೇಡಂ ಎರಡು ಸೀಟು ಮುಂದೆ ಕೂತು ಮಂಡಿಗೆ ಸ್ಪ್ರೇ ಹೊಡೆದುಕೊಳ್ಳುತ್ತಿದ್ದರು. ಎದ್ದು ಅವರ ಪಕ್ಕ ಹೋಗಿ ಕೂತೆ. ಸಾರಿ ಕೇಳಿದೆ. “ಆಟ ಅಲ್ವೇನೋ” ಅಂತ ನಕ್ಕು, ಸ್ಪ್ರೇ ಬಾಟಲಿ ನನ್ನ ಕೈಗಿಟ್ಟು, ಹಿಂದಿನ ಸೀಟಿನವನಿಗೂ ಕಾಲುನೋವಂತೆ, ಕೊಟ್ಟು ಬಾ ಅಂದರು.