ಪ್ರಿಂಟರ್ ಕೆಟ್ಟಿಲ್ಲ, ಡ್ರೈವರ್ ಕೈಕೊಟ್ಟಿದೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಯಾವ ಊರಿಗಾದರೂ ಹೋಗಿ, ಕಚೇರಿಗಳ ಆಸುಪಾಸಿನ ಡಿಟಿಪಿ ಅಂಗಡಿಗಳಲ್ಲಿ ಇಣುಕಿ ನೋಡಿ. ಎಲ್ಲೋ ಒಂದು ಮೂಲೇಲಿ ಹಳೇ ಕಂಪ್ಯೂಟರ್ ಇರುತ್ತೆ. ಅದಕ್ಕೆ ಇಂಟರ್ನೆಟ್ ಕೊಟ್ಟಿರಲ್ಲ, ಅಪ್‌ಡೇಟ್ ಮಾತಂತೂ ಎತ್ತೋ ಹಾಗೇ ಇಲ್ಲ. ಒಳಗೆ ಪೇಜ್‌ಮೇಕರ್ ಮತ್ತು ನುಡಿ ಫಾಂಟು, ಪಕ್ಕದಲ್ಲಿ ಹದಿನೈದು ವರ್ಷದ ಲೇಸರ್ ಪ್ರಿಂಟರ್. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಕರಾರುಪತ್ರ, ಭದ್ರಾ ಮೇಲ್ದಂಡೆ ನೀರಿಗಾಗಿ ಕೊಡೋ ಮನವಿಪತ್ರ, ಎಲ್ಲ ಹೊರಬರೋದು ಅಲ್ಲಿಂದಲೇ. ‘ಅದನ್ನೊಂದು ಮುಟ್ಟಬೇಡಿ’ ಅನ್ನೋದು ಅಂಗಡಿಯ ಕಾನೂನು.

ಈ ಭಯ ದಡ್ಡತನ ಅಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಹೋಗೋಣ ಅಂದ್ರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಚೆನ್ನಾಗಿಯೇ ಓಡುತ್ತಿರೋ ಕಂಪ್ಯೂಟರ್ ಒಂದೇ ದಿನಕ್ಕೆ ‘ಅನರ್ಹ’ ಆಗಿಬಿಡುತ್ತೆ.

ಹೊಸ ಕಂಪ್ಯೂಟರ್ ತಂದರೆ ಮುಗೀತಾ? ಇಲ್ಲ. ಅಸಲಿ ತಾಪತ್ರಯ ಶುರುವಾಗೋದೇ ಆಗ. ಡ್ರೈವರ್ ಅನ್ನೋದು ಕಂಪ್ಯೂಟರಿಗೂ ಪ್ರಿಂಟರಿಗೂ ನಡುವಿನ ದುಭಾಷಿ. ವಿಂಡೋಸ್ 11 ಬರೋದು 64 ಬಿಟ್‌ನಲ್ಲಿ ಮಾತ್ರ, 32 ಬಿಟ್ ಕಾಲದ ಡ್ರೈವರ್ ಅದರಲ್ಲಿ ಕೂರಲ್ಲ. ಹೊಸದನ್ನು ಬರೆದುಕೊಡಬೇಕಾದದ್ದು ಪ್ರಿಂಟರ್ ಕಂಪನಿ. ಆದರೆ ಅದಕ್ಕೆ ಹೊಸ ಪ್ರಿಂಟರ್ ಮಾರೋದೇ ಲಾಭ. ಹಾಗಾಗಿ ಕಾಗದ ಎಳೆಯುವ ರೋಲರ್ ಗಟ್ಟಿ, ಟೋನರ್ ಅಗ್ಗ, ರಿಪೇರಿ ಮಾಡೋ ಹುಡುಗ ಊರಲ್ಲೇ ಇದ್ದಾನೆ, ಆದರೂ ಯಂತ್ರ ಗುಜರಿಗೆ. ಇನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಬೇರೆ ಕಂಪನಿಗಳ ಪ್ರಿಂಟರ್ ಡ್ರೈವರ್ ಹಂಚೋದನ್ನ ಹಂತಹಂತವಾಗಿ ನಿಲ್ಲಿಸುತ್ತೇವೆ ಅಂತ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿಯಾಗಿದೆ.

ಕಂಪನಿಗಳ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಡ್ರೈವರ್ ಅನೇಕ ಸಲ ವ್ಯವಸ್ಥೆಯ ಗರ್ಭಗುಡಿಯಲ್ಲೇ ಕೂತಿರುತ್ತೆ. ಅಲ್ಲಿ ತಪ್ಪಾದರೆ ಎಲ್ಲವೂ ಕುಸಿಯುತ್ತೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಲೆಕ್ಕದಲ್ಲೇ, ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಂದು ನಿಂತವು. ಹಳೇ ಡ್ರೈವರ್‌ಗಳಲ್ಲಿ ಕಳ್ಳರು ನುಗ್ಗೋ ಕಿಂಡಿಗಳಿರೋದೂ ನಿಜ. ಹಾಗಾಗಿ ಬಾಗಿಲು ಬಿಗಿ ಮಾಡಿದ್ದು ಸರಿ. ಅದರ ಬಿಲ್ಲನ್ನ ಯಾರು ಕಟ್ಟಬೇಕು ಅನ್ನೋದೇ ಪ್ರಶ್ನೆ. ಇವತ್ತು ಕಟ್ಟುತ್ತಿರೋದು ಪುಟಕ್ಕಿಷ್ಟು ಅಂತ ದುಡಿಯೋ ಅಂಗಡಿಯವರು.

ಕನ್ನಡದವರಿಗೆ ಇದು ಇಮ್ಮಡಿ ಪೆಟ್ಟು. ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ, ಆಮೇಲೆ ಅಡೋಬಿ ಅದನ್ನು ಬೆಳೆಸಲಿಲ್ಲ. ಅದಕ್ಕೆ ಯೂನಿಕೋಡ್ ಕನ್ನಡ ಅರ್ಥವಾಗಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೇ ಫಾಂಟುಗಳಾಗಲಿ, 1998ರಲ್ಲಿ ಬಂದ ಬರಹದ ಹಳೇ ಫಾಂಟುಗಳಾಗಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿ ಕೆಲಸ ಸಾಗಿಸಿದವು. ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಆದರೆ ನುಡಿಯಲ್ಲಿ ‘ಕನ್ನಡ’ ಅಂತ ಬರೆದ ಕಡತವನ್ನು ಆ ಫಾಂಟಿಲ್ಲದ ಕಂಪ್ಯೂಟರಲ್ಲಿ ತೆರೆದರೆ ಇಂಗ್ಲಿಷಿನ ಪಿ, ಪೌಂಡಿನ ಗುರುತು, ಒಂದು ಜರ್ಮನ್ ಅಕ್ಷರ, ತಲೆ ಮೇಲೆ ಗೆರೆ ಹೊತ್ತ ಎ ಕಾಣಿಸುತ್ತೆ. ಹುಡುಕಿದರೆ ಸಿಗಲ್ಲ, ಮೊಬೈಲಲ್ಲಿ ಓದಕ್ಕಾಗಲ್ಲ.

ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡ ಇತ್ತು ಅನ್ನೋದು ನೆನಪಿರಲಿ. ಹಾಗಿದ್ದೂ ಅಂಗಡಿಯವರು ಹಳೇದನ್ನ ಬಿಡಲಾರರು, ಯಾಕಂದ್ರೆ ಇದೊಂದು ಸರಪಳಿ. ಹಳೇ ಕಡತಕ್ಕೆ ಹಳೇ ಫಾಂಟು ಬೇಕು, ಫಾಂಟಿಗೆ ಪೇಜ್‌ಮೇಕರ್, ಪೇಜ್‌ಮೇಕರಿಗೆ ಹಳೇ ವಿಂಡೋಸ್, ಆ ವಿಂಡೋಸಿಗೆ ಹಳೇ ಪ್ರಿಂಟರ್. ಒಂದು ಕೊಂಡಿ ಕಳಚಿದರೆ ಇಪ್ಪತ್ತು ವರ್ಷದ ಕೆಲಸವೇ ಕೈಗೆ ಸಿಗದಂತಾಗುತ್ತೆ. ಆ ಕೆಲಸದಲ್ಲಿ ಊರಿನ ಸ್ಮರಣ ಸಂಚಿಕೆಗಳಿವೆ, ಸಂಘಗಳ ನಡಾವಳಿಗಳಿವೆ, ಹೋರಾಟಗಳ ಕರಪತ್ರಗಳಿವೆ. ಜಿಲ್ಲೆಯ ಇತ್ತೀಚಿನ ಚರಿತ್ರೆ ಅಂದ್ರೆ ಅದೇ ಅಲ್ವಾ?

‘ಲಿನಕ್ಸ್ ಹಾಕ್ಕೊಳ್ಳಿ’ ಅಂತ ನಮ್ಮಲ್ಲಿ ಅನೇಕರು ಥಟ್ಟನೆ ಹೇಳ್ತೀವಿ. ಅರ್ಧ ಸರಿ. ಲಿನಕ್ಸ್ ಅನೇಕ ಹಳೇ ಯಂತ್ರಗಳನ್ನು ಇನ್ನೂ ಸಾಕುತ್ತೆ. ಪುಟ ವಿನ್ಯಾಸಕ್ಕೆ ಸ್ಕ್ರೈಬಸ್ ಉಚಿತವಾಗಿ ಸಿಗುತ್ತೆ. ಆದರೆ ಕಂಪನಿಯ ಗುಟ್ಟಿನ ಡ್ರೈವರನ್ನೇ ನೆಚ್ಚಿಕೊಂಡ ಪ್ರಿಂಟರ್ ಅಲ್ಲೂ ಮುನಿಸಿಕೊಳ್ಳಬಹುದು. ಮತ್ತೆ, ಹೊಸದು ಕಲಿಯೋ ಹದಿನೈದು ದಿನದ ದುಡಿಮೆಯನ್ನ ಯಾರು ತುಂಬಿಕೊಡ್ತಾರೆ? ಪಕ್ಕದ ಕೇರಳ ಈ ಹೊರೆಯನ್ನ ವ್ಯಕ್ತಿಯ ತಲೆಗೆ ಕಟ್ಟಲಿಲ್ಲ. ಸರ್ಕಾರವೇ ಶಾಲೆಗಳಿಗೆ ಮುಕ್ತ ತಂತ್ರಾಂಶ ತಂದು, ಮೇಷ್ಟ್ರುಗಳಿಗೆ ತರಬೇತಿ ಕೊಟ್ಟಿತು.

ನಾವು ಕೇಳಬೇಕಾದ್ದೂ ಅದನ್ನೇ. ಒಂದು, ಸರ್ಕಾರ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ ಕೊಳ್ಳುವಾಗ ಇಷ್ಟು ವರ್ಷ ಡ್ರೈವರ್ ಕೊಡಬೇಕು, ಲಿನಕ್ಸ್‌ಗೂ ಕೊಡಬೇಕು ಅಂತ ಟೆಂಡರಿನಲ್ಲೇ ಬರೆಯಲಿ. ಎರಡು, ಬೆಂಬಲ ನಿಲ್ಲಿಸುವ ಕಂಪನಿ ಆ ಡ್ರೈವರಿನ ಮೂಲ ಸಂಕೇತವನ್ನು ಸಾರ್ವಜನಿಕಗೊಳಿಸಲಿ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ದುರಸ್ತಿ ಹಕ್ಕು’ ಪೋರ್ಟಲ್ ತೆರೆದಿದೆ. ತಂತ್ರಾಂಶವಿಲ್ಲದೆ ದುರಸ್ತಿಗೆ ಅರ್ಥವಿಲ್ಲ, ಆ ಹಕ್ಕು ಡ್ರೈವರಿಗೂ ಬರಲಿ. ಮೂರು, ಹಳೇ ಕನ್ನಡ ಕಡತಗಳನ್ನು ಯೂನಿಕೋಡ್‌ಗೆ ತರೋ ಕೆಲಸವನ್ನು ತಾಲ್ಲೂಕು ಗ್ರಂಥಾಲಯಗಳ ಮೂಲಕ ಪುಕ್ಕಟೆ ಮಾಡಿಸಲಿ.

ಮೂರನೆಯದಕ್ಕೆ ಸರ್ಕಾರಕ್ಕೇ ಕಾಯಬೇಕಿಲ್ಲ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಈ ಭಾನುವಾರ ಒಂದು ಪೆನ್‌ಡ್ರೈವ್ ಹಿಡಿದು ನಿಮ್ಮೂರಿನ ಡಿಟಿಪಿ ಅಂಗಡಿಗೆ ಹೋಗಿ. ಆ ಹಾರ್ಡ್‌ಡಿಸ್ಕ್ ಕೊನೆಯುಸಿರು ಎಳೆಯೋಕೆ ಮುಂಚೆ.