ಗೃಹಹಿತ: ಕರ್ಣರಕ್ಷಣೆ

ನಮ್ಮ ತಾರ್ಕಿಕರು ಶ್ರೋತ್ರೇಂದ್ರಿಯವನ್ನು ಕರ್ಣಶಷ್ಕುಲಿಯಿಂದ ಪರಿಮಿತವಾದ ಆಕಾಶವೆಂದು ಹೇಳಿರುವರು. ಶಷ್ಕುಲಿಯೆಂದರೆ ಮತ್ತೇನೂ ಅಲ್ಲ. ಚೌತಿಯ ಮುಂಚೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿ ನೆರೆಹೊರೆಯವರು ಕಲೆತು ಸುತ್ತುವ ಚಕ್ಕುಲಿಯೇ. ಕಿವಿಯ ಒಳಭಾಗದಲ್ಲಿಯೂ ಶಂಖದಂತಹ ಒಂದು ಸುರುಳಿಯುಂಟು. ಅದರಲ್ಲಿ ಸುಮಾರು 15,000 ರೋಮಕೋಶಗಳಿರುವುವು. ಶಬ್ದವನ್ನು ನರಕ್ಕೆ ಒಪ್ಪಿಸತಕ್ಕವು ಇವೇ. ಕಡಿದ ಬಾಳೆಯ ಬುಡದಲ್ಲಿ ಕಂದು ಏಳುವುದು; ಅತಿಶಬ್ದದಿಂದ ಸತ್ತ ಈ ಕೋಶಗಳಾದರೋ ಮನುಷ್ಯನಲ್ಲಿ ಮರಳಿ ಹುಟ್ಟುವುದಿಲ್ಲ.

ನಮ್ಮ ಸೀಮೆಯ ತೋಟಗಳು ಶಾಂತವಾದುವೆಂಬ ಭಾವನೆಯುಂಟು. ಆದರೆ ಕತ್ತಿ ಹಿಡಿಯುತ್ತಿದ್ದ ಕೈಗೆ ಈಗ ಕಳೆ ಕೊಚ್ಚುವ ಯಂತ್ರವೂ ಯಂತ್ರಗರಗಸವೂ ಬಂದಿವೆ. ಶಬ್ದದ ಮಾನವು ಡೆಸಿಬೆಲ್. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದೆಂದೂ, ಮೇಲೆ ಪ್ರತಿ 3 ಡೆಸಿಬೆಲಿಗೆ ಈ ಅವಧಿಯನ್ನು ಅರ್ಧಮಾಡಬೇಕೆಂದೂ ತಜ್ಞರ ಮತ. ಆ ಲೆಕ್ಕದಂತೆ 94ಕ್ಕೆ ಒಂದು ಗಂಟೆ, 100ಕ್ಕೆ 15 ನಿಮಿಷ ಮಾತ್ರ. ಪೆಟ್ರೋಲಿನ ಕಳೆಯಂತ್ರವು ನಡೆಸುವವನ ಕಿವಿಯ ಬಳಿ ಅನೇಕವೇಳೆ 95ನ್ನು ಮೀರುವುದು. ಅವನು ದುಡಿಯುವುದಾದರೋ ದಿನವಿಡೀ.

"ಕಿವಿಗೆ ಒಗ್ಗಿಹೋಗಿದೆ" ಎಂದು ಕೆಲವರು ಹೆಮ್ಮೆಪಡುವರು. ಕಿವಿಯು ಗದ್ದಲಕ್ಕೆ ಗಟ್ಟಿಯಾಗುವುದಿಲ್ಲ. ಒಗ್ಗಿತೆಂದು ತೋರುವುದು ಬಹುಮಟ್ಟಿಗೆ ಶ್ರವಣವು ಕುಂದಿದುದರ ಲಕ್ಷಣ. ಮೊದಲು ನಶಿಸುವುದು ತಾರಧ್ವನಿಯನ್ನು ಗ್ರಹಿಸುವ ಶಕ್ತಿ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಸ್ವರಗಳು ಉಳಿದು ವ್ಯಂಜನಗಳು ಜಾರುವುವು. ತಟ್ಟೆಯೋ ಕಟ್ಟೆಯೋ ತಿಳಿಯದು. ಮಾತು ಕೇಳಿಸುವುದು, ಅರ್ಥವಾಗದು. ಆಗ ಮನೆಯವರು ಅವನನ್ನು ಅಲಕ್ಷ್ಯಗಾರನೆಂದು ಜರೆಯುವರು; ಅವನು ಕ್ರಮೇಣ ಜಗುಲಿಯ ಮಾತುಕತೆಯಿಂದಲೇ ದೂರ ಸರಿಯುವನು.

ಪರೀಕ್ಷೆಯು ಸುಲಭ. ಒಂದು ಮಾರು ದೂರದವನೊಡನೆ ಕೂಗಿ ಮಾತಾಡಬೇಕಾದರೆ ಅಲ್ಲಿಯ ಶಬ್ದವು ಅಪಾಯಕರ. ಕೆಲಸ ಮುಗಿದ ಬಳಿಕ ಕಿವಿ ಗುಂಯ್‌ಗುಟ್ಟಿದರೆ ಅದೂ ಎಚ್ಚರಿಕೆಯೇ. ಅರಳೆ ತುರುಕಿಕೊಂಡರೆ ಸಾಲದು. ನೊರೆಯ ಬಿರಡೆಯನ್ನಾಗಲಿ ಕಿವಿಕವಚವನ್ನಾಗಲಿ ಧರಿಸತಕ್ಕದ್ದು. ಬಿರಡೆಯನ್ನು ಶುಚಿಯಾದ ಕೈಯಿಂದ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಸೇರಿಸಿ, ಅದು ಅರಳುವವರೆಗೆ ಒತ್ತಿ ಹಿಡಿಯಬೇಕು.

ವಿನೋದದಲ್ಲಿಯೂ ಇದೇ ನ್ಯಾಯ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬೆಯ ಜಾತ್ರೆಯಲ್ಲಾಗಲಿ ಯಕ್ಷಗಾನದ ಬಯಲಿನಲ್ಲಾಗಲಿ ಮಕ್ಕಳನ್ನು ಧ್ವನಿವರ್ಧಕದ ಎದುರು ಕೂರಿಸಬೇಡಿರಿ. ಬಯಲಿನಲ್ಲಿ ದೂರವು ಇಮ್ಮಡಿಯಾದರೆ ಶಬ್ದವು ಸುಮಾರು 6 ಡೆಸಿಬೆಲ್ ಇಳಿಯುವುದು. ನಾಲ್ಕು ಹೆಜ್ಜೆ ಹಿಂದೆ ಸರಿಯಲು ಖರ್ಚೇನು? 4 ಮೀಟರಿನಲ್ಲಿ 125 ಡೆಸಿಬೆಲನ್ನು ಮೀರುವ ಪಟಾಕಿಗೆ ಕಾನೂನಿನ ನಿಷೇಧವುಂಟು. ಮಂಗನನ್ನೋಡಿಸುವ ಸ್ಫೋಟವೊಂದೇ ಕಿವಿಯನ್ನು ಕೆಡಿಸಬಲ್ಲುದು. ಹಠಾತ್ತಾಗಿ ಕೇಳದಂತಾದರೆ ಎಣ್ಣೆ ಬಿಡದೆ ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಕೊನೆಗೆ ತೋಟದ ಯಜಮಾನರಲ್ಲಿ ಒಂದು ಬಿನ್ನಹ. ಯಂತ್ರಕ್ಕೆ ಎಣ್ಣೆಯನ್ನೂ ಆಳಿಗೆ ಕೂಲಿಯನ್ನೂ ಚಹವನ್ನೂ ಕೊಡುವಿರಿ. ಕೂಲಿಯು ಅವನ ದುಡಿಮೆಗೆ ಬೆಲೆಯೇ ಹೊರತು ಕಿವಿಗಲ್ಲ. ಯಂತ್ರವನ್ನು ಅವನ ಹೆಗಲಿಗೆ ಏರಿಸುವ ಮೊದಲು ಒಂದು ಕಿವಿಕವಚವನ್ನು ಕೈಗೆ ಕೊಡಿರಿ; ಅವನು ಅದನ್ನು ತೊಟ್ಟ ಮೇಲೆಯೇ ಯಂತ್ರವು ಚಾಲೂ ಆಗಲಿ.